ಗಿಟಾರ್ ಆಂಪ್ ಕಂಪ್ಯೂಟರ್ ಮಾತು ಕೇಳುತ್ತಿಲ್ಲವೇ? ಮಿಡಿ ಎಲ್ಲಿ ಕಡಿದಿದೆ ಅಂತ ಹುಡುಕುವುದು ಹೀಗೆ

ಕೇಬಲ್ ಹಾಕಿ ಆಗಿದೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಮ್ ಚೇಂಜ್ (ಪ್ಯಾಚ್, ಅಂದರೆ ಉಳಿಸಿಟ್ಟ ಸೆಟ್ಟಿಂಗ್ ಬದಲಾಯಿಸುವ ಅಪ್ಪಣೆ) ಕೂಡ ಬರೆದಿದ್ದೀರಿ. ಹಾಡಿನ ಚರಣ ಮುಗಿದ ಕೂಡಲೇ ಆಂಪ್ ಕ್ಲೀನ್‌ನಿಂದ ಲೀಡ್‌ಗೆ ತಾನಾಗೇ ಜಿಗಿಯಬೇಕು. ಪ್ಲೇ ಒತ್ತುತ್ತೀರಿ, ಚರಣ ಮುಗಿಯುತ್ತದೆ, ಆಂಪ್ ಮಾತ್ರ ಕಲ್ಲಿನ ಹಾಗೆ ಕೂತಿರುತ್ತದೆ. ಒಂದು ದೀಪವೂ ಮಿಣುಕುವುದಿಲ್ಲ. ಎರರ್ ಅಂತ ಒಂದು ಸಾಲೂ ಬರುವುದಿಲ್ಲ.

ಮಿಡಿ ಅಂದರೆ ಸಂಗೀತದ ಉಪಕರಣಗಳೂ ಕಂಪ್ಯೂಟರೂ ಒಂದಕ್ಕೊಂದು ಅಪ್ಪಣೆ ಕಳಿಸುವ ಭಾಷೆ. ಅದು ಕೆಟ್ಟರೆ ಸದ್ದೇ ಮಾಡದೆ ಕೆಡುತ್ತದೆ. ಗಿಟಾರ್ ಕೇಬಲ್ ಹಾಳಾದರೆ ಕರಕರ ಅನ್ನುತ್ತದೆ, ಗುಂಯ್ ಅನ್ನುತ್ತದೆ, ಏನೋ ಒಂದು ಸುಳಿವು ಸಿಗುತ್ತದೆ. ಮಿಡಿ ಕೇಬಲ್‌ನಲ್ಲಿ ಹರಿಯುವುದು ಬರೀ ಅಪ್ಪಣೆಗಳು: "ಐದನೇ ಪ್ಯಾಚ್‌ಗೆ ಹೋಗು", "ರಿವರ್ಬ್ ಆನ್ ಮಾಡು", ಇಷ್ಟೇ. ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ. ಕಳಿಸಿದವರಿಗೆ ಅದು ಗೊತ್ತಾಗುವ ಏರ್ಪಾಡೇ ಇದರಲ್ಲಿಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ಉಪಕರಣಗಳ ಪ್ರದರ್ಶನದಲ್ಲಿ ಪ್ರಾಫೆಟ್-600 ಮತ್ತು ರೋಲ್ಯಾಂಡ್ ಜುಪಿಟರ್-6 ಎಂಬ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಮೊದಲ ಬಾರಿ ಹೀಗೆ ಜೋಡಿಸಿ ತೋರಿಸಿದರು. ಅವತ್ತಿನ ಭಾಷೆಯನ್ನೇ ಇವತ್ತಿನ ಆಂಪ್‌ಗಳೂ ಆಡುತ್ತಿವೆ. (ಹೆಸರು ನಮ್ಮ "ತಂತಿ ಮಿಡಿ"ಯ ಮಿಡಿಯ ಹಾಗೇ ಕೇಳಿಸುತ್ತದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇಜಾರಿನ ವಿಷಯ.)

ನಾನು ಮೊದಲ ಸಲ ಇದಕ್ಕೆ ಕೈ ಹಾಕಿದಾಗ ಒಂದಿಡೀ ಮಧ್ಯಾಹ್ನ ಹಾಳು ಮಾಡಿಕೊಂಡೆ. ಡ್ರೈವರ್ ತೆಗೆದು ಹಾಕಿದೆ, ಮತ್ತೆ ಹಾಕಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಯುಎಸ್‌ಬಿ ಪೋರ್ಟ್ ಬದಲಾಯಿಸಿದೆ, ಆಂಪೇ ಕೆಟ್ಟಿದೆ ಅಂತ ತೀರ್ಮಾನವನ್ನೂ ಮಾಡಿಬಿಟ್ಟೆ. ಕೊನೆಗೆ ನೋಡಿದರೆ ಕೇಬಲ್‌ನ ಎರಡು ಪ್ಲಗ್‌ಗಳಲ್ಲಿ ತಪ್ಪಾದದ್ದನ್ನು ಚುಚ್ಚಿದ್ದೆ, ಅಷ್ಟೇ. ಇನ್ನೊಂದನ್ನು ಚುಚ್ಚಿದ ಕ್ಷಣಕ್ಕೆ ಆಂಪ್ ಟಕ್ ಅಂತ ಚಾನೆಲ್ ಬದಲಾಯಿಸಿತು. ಆ ಟಕ್ ಕೇಳಿ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ಅವತ್ತು ಕಲಿತದ್ದು ಒಂದೇ. ಊಹೆ ಮಾಡಬೇಡಿ, ದಾರಿಯನ್ನು ಎರಡು ತುಂಡು ಮಾಡಿ ನೋಡಿ. ಸಂದೇಶ ಸಾಫ್ಟ್‌ವೇರ್‌ನಿಂದ ಹೊರಟು ಆಪರೇಟಿಂಗ್ ಸಿಸ್ಟಮ್‌ನ ಪೋರ್ಟ್, ಅಲ್ಲಿಂದ ಇಂಟರ್ಫೇಸ್ (ಕಂಪ್ಯೂಟರ್‌ನ ಯುಎಸ್‌ಬಿಗೂ ಮಿಡಿ ಕೇಬಲ್‌ಗೂ ನಡುವೆ ಕೂರುವ ಡಬ್ಬಿ), ಕೇಬಲ್, ಆಂಪ್‌ನ ಸಾಕೆಟ್, ಕೊನೆಗೆ ಆಂಪ್ ಒಳಗಿನ ಸೆಟ್ಟಿಂಗ್, ಹೀಗೆ ಆರು ಬಾಗಿಲು ದಾಟಬೇಕು. ನಡುವೆ ಎಲ್ಲೋ ಒಂದು ಬಾಗಿಲು ಮುಚ್ಚಿದೆ. ಅದು ಯಾವುದು ಅಂತ ತಿಳಿಯುವ ತನಕ ಯಾವ ಡ್ರೈವರ್‌ಗೂ ಕೈ ಹಚ್ಚಬೇಡಿ.

1. ಆಂಪ್‌ನ ಬೆನ್ನು ನೋಡಿ: ಅದು ನಿಜಕ್ಕೂ ಮಿಡಿ ಸಾಕೆಟ್ಟಾ?

ಆಂಪ್ ಹಿಂದೆ ಐದು ತೂತಿನ ದುಂಡು ಸಾಕೆಟ್ ಇದ್ದ ಮಾತ್ರಕ್ಕೆ ಅದು ಮಿಡಿ ಅಂತಲ್ಲ. ಬಹಳ ಆಂಪ್‌ಗಳಲ್ಲಿ ಫುಟ್‌ಸ್ವಿಚ್‌ಗೂ ಅದೇ ಆಕಾರದ ಡಿನ್ ಸಾಕೆಟ್ ಕೊಟ್ಟಿರುತ್ತಾರೆ. ಪಕ್ಕದಲ್ಲಿ ಏನು ಬರೆದಿದೆ ಓದಿ. "ಮಿಡಿ ಇನ್" ಅಂತ ಇದ್ದರೆ ಸರಿ. "ಫುಟ್‌ಸ್ವಿಚ್" ಅಂತ ಮಾತ್ರ ಇದ್ದರೆ ಮಿಡಿ ಕೇಬಲ್ ಅದಕ್ಕೆ ಚುಚ್ಚಲೇಬೇಡಿ, ಅಲ್ಲಿ ಬೇರೆಯದೇ ವೋಲ್ಟೇಜ್ ಇರಬಹುದು.

ಏಳು ಪಿನ್‌ನ ಸಾಕೆಟ್ ಇದ್ದರೆ ಹೆಚ್ಚುವರಿ ಪಿನ್‌ಗಳ ಮೂಲಕ ಕಾಲಡಿಯ ಕಂಟ್ರೋಲರ್‌ಗೆ ಕರೆಂಟ್ ಹೋಗುವ ಹಾಗೆ ಮಾಡಿರುತ್ತಾರೆ. ಕಂಪ್ಯೂಟರ್ ಕಡೆಯಿಂದ ಜೋಡಿಸುವಾಗ ಮಾಮೂಲಿ ಐದು ಪಿನ್‌ನ ಕೇಬಲ್ಲೇ ಸಾಕು, ಏಳರ ಕೇಬಲ್ ಬೇಡ.

ಯುಎಸ್‌ಬಿ ಪೋರ್ಟ್‌ನ ಕಥೆಯೂ ಹೀಗೇ. ಕೆಲವು ಆಂಪ್‌ಗಳಲ್ಲಿ ಅದು ಆಡಿಯೊಗೆ ಮಾತ್ರ, ಕೆಲವದರಲ್ಲಿ ಫರ್ಮ್‌ವೇರ್ (ಆಂಪ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ಗೆ ಮಾತ್ರ, ಕೆಲವದರಲ್ಲಿ ಆಡಿಯೊ ಮತ್ತು ಮಿಡಿ ಎರಡೂ. ಬ್ಲೂಟೂತ್ ಇದ್ದರೂ ಅಷ್ಟೇ, ಹಾಡು ಹಾಕಲು ಕೊಟ್ಟ ಬ್ಲೂಟೂತ್‌ನಲ್ಲಿ ಮಿಡಿ ಸಾಗಬೇಕು ಅಂತೇನೂ ಇಲ್ಲ. ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ "ಮಿಡಿ ಇಂಪ್ಲಿಮೆಂಟೇಶನ್" ಎಂಬ ಒಂದು ಕೋಷ್ಟಕ ಇರುತ್ತದೆ. ಆಂಪ್ ಯಾವ ಸಂದೇಶ ಕೇಳುತ್ತದೆ, ಯಾವುದನ್ನು ಕಳಿಸುತ್ತದೆ ಅಂತ ಅದರಲ್ಲಿ ಬರೆದಿರುತ್ತಾರೆ. ಯಾರೂ ಅದನ್ನು ಓದುವುದಿಲ್ಲ. ನೀವು ಓದಿ, ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸುಮಾರು ಜನ ಇದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ವಾಲ್ವ್ ಆಂಪ್‌ಗಳಲ್ಲಿ ಹಲವಕ್ಕೆ ಮಿಡಿ ಇನ್ ಇರುತ್ತದೆ, ಜತೆಗೆ ಥ್ರೂ ಇರಬಹುದು, ಔಟ್ ಮಾತ್ರ ಇರುವುದಿಲ್ಲ. ಅಂದರೆ ಅದಕ್ಕೆ ಕಿವಿ ಇದೆ, ಬಾಯಿ ಇಲ್ಲ. ಥ್ರೂ ಅಂದರೆ ಇನ್‌ಗೆ ಬಂದದ್ದನ್ನೇ ಮುಂದಕ್ಕೆ ದಾಟಿಸುವ ಕಿಂಡಿ, ಆಂಪ್‌ನ ಸ್ವಂತ ಮಾತು ಅದರಲ್ಲಿ ಬರುವುದಿಲ್ಲ. ಇಂಥ ಆಂಪ್‌ನಿಂದ ಕಂಪ್ಯೂಟರ್‌ಗೆ ಏನೂ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಂಡರೆ ಪ್ರಯೋಜನವಿಲ್ಲ. ಡಿನ್ ಕೇಬಲ್‌ನಲ್ಲಿ ಜೋಡಿಸಿದ ಆಂಪ್‌ನ ಹೆಸರು ಕಂಪ್ಯೂಟರ್‌ನ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಅಲ್ಲಿ ಕಾಣುವುದು ನಡುವಿನ ಇಂಟರ್ಫೇಸ್‌ನ ಹೆಸರು.

2. ಯುಎಸ್‌ಬಿ ಮೂಲಕ ಜೋಡಿಸಿದ್ದರೆ

ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಫೋನ್ ಜತೆ ಬರುವ ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಫೋನನ್ನೋ ಪ್ರಿಂಟರನ್ನೋ ಅದೇ ಕೇಬಲ್‌ನಲ್ಲಿ ಜೋಡಿಸಿ ಫೈಲ್ ಹೋಗುತ್ತದಾ ನೋಡಿದರೆ ಕೇಬಲ್ ಸಾಚಾನೋ ಅಲ್ಲವೋ ಗೊತ್ತಾಗುತ್ತದೆ. ಆಮೇಲೆ ಹಬ್ ಇದ್ದರೆ ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿ.

ಈಗ ಆಪರೇಟಿಂಗ್ ಸಿಸ್ಟಮ್‌ಗೆ ಆಂಪ್ ಕಾಣುತ್ತಿದೆಯಾ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು "ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್" ಅಡಿಯಲ್ಲಿ ಹುಡುಕಿ. ಹೆಸರಿನ ಪಕ್ಕ ಹಳದಿ ತ್ರಿಕೋನ ಇದ್ದರೆ ಡ್ರೈವರ್ ತಕರಾರು. ಮ್ಯಾಕ್‌ನಲ್ಲಿ "ಆಡಿಯೊ ಮಿಡಿ ಸೆಟಪ್" ತೆರೆದು ವಿಂಡೋ ಮೆನುವಿನಿಂದ ಮಿಡಿ ಸ್ಟುಡಿಯೊಗೆ ಹೋಗಿ. ಆಂಪ್‌ನ ಚಿತ್ರ ಮಸುಕಾಗಿದ್ದರೆ ಅದು ಹಿಂದೆ ಯಾವತ್ತೋ ಜೋಡಿಸಿದ್ದರ ನೆನಪು ಮಾತ್ರ, ಈಗ ಸಂಪರ್ಕ ಇಲ್ಲ ಅಂತ ಅರ್ಥ.

ಯುಎಸ್‌ಬಿ ಮಿಡಿಗೆ 1999ರಲ್ಲೇ ಒಂದು ಸಾಮಾನ್ಯ ನಿಯಮ ಮಾಡಿದ್ದಾರೆ. ಅದನ್ನು ಪಾಲಿಸುವ ಉಪಕರಣಕ್ಕೆ "ಕ್ಲಾಸ್ ಕಂಪ್ಲಯಂಟ್" ಅನ್ನುತ್ತಾರೆ, ಅದಕ್ಕೆ ಬೇರೆ ಡ್ರೈವರ್ ಬೇಕಿಲ್ಲ. ಆದರೆ ಎಲ್ಲ ಆಂಪ್‌ಗಳೂ ಹಾಗಿಲ್ಲ. ಕೆಲವಕ್ಕೆ ತಯಾರಕರ ಡ್ರೈವರ್ ಬೇಕೇ ಬೇಕು, ಅದೂ ಕೇಬಲ್ ಚುಚ್ಚುವ ಮೊದಲೇ ಹಾಕಿರಬೇಕು. ಇಲ್ಲದಿದ್ದರೆ ವಿಂಡೋಸ್ ತನ್ನದೇ ಒಂದು ಡ್ರೈವರ್ ಅಂಟಿಸಿಬಿಡುತ್ತದೆ, ಆಮೇಲೆ ಆಂಪ್‌ನ ಪ್ಯಾಚ್ ತಿದ್ದುವ ಎಡಿಟರ್ ಸಾಫ್ಟ್‌ವೇರ್ "ಆಂಪ್ ಸಿಗುತ್ತಿಲ್ಲ" ಅನ್ನುತ್ತದೆ.

ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಆಂಪ್ ಮಾಯವಾಗುತ್ತದಾ? ಹಾಗಾದರೆ ವಿದ್ಯುತ್ ಉಳಿಸುವ ಸೆಟ್ಟಿಂಗ್ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಕಂಪ್ಯೂಟರ್ ಈ ಉಪಕರಣವನ್ನು ಆರಿಸಬಹುದು ಅನ್ನುವ ಟಿಕ್ ತೆಗೆಯಿರಿ.

3. ಡಿನ್ ಕೇಬಲ್ ಆದರೆ: ಇನ್ ಯಾವುದು, ಔಟ್ ಯಾವುದು

ನನ್ನ ಮಧ್ಯಾಹ್ನ ತಿಂದದ್ದು ಇದೇ. ನಿಯಮ ಸುಲಭ: ಒಂದರ ಔಟ್ ಇನ್ನೊಂದರ ಇನ್‌ಗೆ. ಇಂಟರ್ಫೇಸ್ ಒಂದು ಡಬ್ಬಿಯಾಗಿದ್ದು ಅದರ ಮೇಲೆ ಸಾಕೆಟ್‌ಗಳಿದ್ದರೆ ಗೊಂದಲವಿಲ್ಲ, ಡಬ್ಬಿಯ ಔಟ್‌ನಿಂದ ಆಂಪ್‌ನ ಇನ್‌ಗೆ ಕೇಬಲ್ ಹಾಕಿದರಾಯಿತು. ತೊಂದರೆ ಕೊಡುವುದು ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಎರಡು ಡಿನ್ ಪ್ಲಗ್ ನೇತಾಡುವ ಆ ಅಗ್ಗದ ಕೇಬಲ್. ಪ್ಲಗ್ ಮೇಲೆ "ಇನ್" ಅಂತ ಬರೆದಿರುತ್ತದೆ. ಅದು ಆಂಪ್‌ನ ಇನ್‌ಗೆ ಹೋಗಬೇಕು ಅಂತಲೋ, ಕಂಪ್ಯೂಟರ್‌ಗೆ ಒಳಬರುವ ದಾರಿ ಅಂತಲೋ? ಕೆಲವರು ಹೀಗೆ ಬರೆಯುತ್ತಾರೆ, ಕೆಲವರು ಹಾಗೆ. ಸುಮ್ನೆ ಎರಡನ್ನೂ ಒಂದೊಂದಾಗಿ ಚುಚ್ಚಿ ನೋಡಿ. ಡಿನ್ ಮಿಡಿಯಲ್ಲಿ ಔಟ್‌ಗೆ ಔಟ್ ಜೋಡಿಸಿದರೂ ಏನೂ ಸುಡುವುದಿಲ್ಲ, ಕೆಲಸ ಮಾಡುವುದಿಲ್ಲ ಅಷ್ಟೇ.

ಕೇಬಲ್ ಉದ್ದ 15 ಮೀಟರ್ ದಾಟಬಾರದು. ಮಲ್ಟಿಮೀಟರ್ ಇದ್ದರೆ ಕೇಬಲ್ ಪರೀಕ್ಷೆ ಎರಡು ನಿಮಿಷದ ಕೆಲಸ. ಪ್ಲಗ್‌ನ ನಟ್ಟನಡುವಿನ ಪಿನ್ 2, ಅದರ ಅಕ್ಕಪಕ್ಕದವು 4 ಮತ್ತು 5. ಮಿಡಿ ಸಂದೇಶ ಹೋಗುವುದು 4 ಮತ್ತು 5ರಲ್ಲಿ. ಒಂದು ತುದಿಯ 4 ಇನ್ನೊಂದು ತುದಿಯ 4ಕ್ಕೆ, 5 ಇನ್ನೊಂದರ 5ಕ್ಕೆ ಬೀಪ್ ಅನ್ನಬೇಕು. ಅಡ್ಡಾದಿಡ್ಡಿ ಬೀಪ್ ಅಂದರೆ ಅದು ಹಳೆಯ ಆಡಿಯೊ ಡಿನ್ ಕೇಬಲ್ ಇರಬಹುದು. ನೋಡೋಕೆ ಒಂದೇ ಥರ, ಒಳಗಿನ ತಂತಿ ಬೇರೆ.

ಸಣ್ಣ ಆಂಪ್‌ಗಳಲ್ಲಿ ಈಗ ದುಂಡು ಸಾಕೆಟ್ ಬದಲು 3.5 ಮಿಲಿಮೀಟರ್‌ನ ಹೆಡ್‌ಫೋನ್ ಥರದ ಜಾಕ್ ಬರುತ್ತಿದೆ. ಇದರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಬಗೆ. ಒಂದರಲ್ಲಿ ಪ್ಲಗ್‌ನ ತುದಿಗೆ ಹೋಗುವ ತಂತಿ ಇನ್ನೊಂದರಲ್ಲಿ ಉಂಗುರಕ್ಕೆ ಹೋಗುತ್ತದೆ, ಅಂದರೆ ಅದಲುಬದಲು. 2018ರಲ್ಲಿ ಟೈಪ್ ಎ ಅನ್ನೇ ಎಲ್ಲರೂ ಬಳಸಿ ಅಂತ ನಿಯಮ ಮಾಡಿದರು, ಆದರೆ ಅದಕ್ಕೂ ಮುಂಚಿನ ಟೈಪ್ ಬಿ ಉಪಕರಣಗಳು ಇನ್ನೂ ಓಡಾಡುತ್ತಿವೆ. ಅಡಾಪ್ಟರ್ ಒಂದು ಬಗೆ, ಆಂಪ್ ಇನ್ನೊಂದು ಬಗೆ ಆದರೆ ಎಲ್ಲ ಸರಿಯಿದ್ದೂ ಏನೂ ಆಗುವುದಿಲ್ಲ.

4. ಮಿಡಿ ಮಾನಿಟರ್: ಕಣ್ಣಿಗೆ ಕಾಣದ್ದನ್ನು ನೋಡುವುದು

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪೋರ್ಟ್‌ನಲ್ಲಿ ಏನು ಬರುತ್ತಿದೆ, ಏನು ಹೋಗುತ್ತಿದೆ ಅಂತ ಸಾಲುಸಾಲಾಗಿ ತೋರಿಸುವ ಪುಟ್ಟ ಸಾಫ್ಟ್‌ವೇರ್‌ಗಳಿವೆ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್, ಲಿನಕ್ಸ್‌ಗೆ ಅಲ್ಸಾ ಸಲಕರಣೆಗಳ ಜತೆಗೇ ಬರುವ ಎಸೆಕ್‌ಡಂಪ್. ದುಡ್ಡು ಕೊಡಬೇಕಿಲ್ಲ.

ಈಗ ಆಂಪ್ ಅನ್ನು ಪಕ್ಕಕ್ಕಿಡಿ. ಅದರಿಂದ ಕೇಬಲ್ ಕಿತ್ತು, ಆ ತುದಿಯನ್ನು ಇಂಟರ್ಫೇಸ್‌ನ ಇನ್‌ಗೇ ಚುಚ್ಚಿ. ಅಂದರೆ ಇಂಟರ್ಫೇಸ್‌ನ ಔಟ್‌ನಿಂದ ಹೊರಟ ಕೇಬಲ್ ಅದೇ ಇಂಟರ್ಫೇಸ್‌ನ ಇನ್‌ಗೆ ವಾಪಸ್ ಬಂದಿದೆ. ಎರಡು ಪ್ಲಗ್‌ನ ಅಗ್ಗದ ಕೇಬಲ್ ಆದರೆ ಪ್ಲಗ್‌ಗಳೆರಡೂ ಗಂಡು, ನಡುವೆ ಒಂದು ಹೆಣ್ಣು ಜೋಡಣೆ ಬೇಕಾಗುತ್ತದೆ. ಮಾನಿಟರ್‌ನಲ್ಲಿ ಇನ್‌ಪುಟ್ ಆಯ್ಕೆ ಮಾಡಿ, ಸಾಫ್ಟ್‌ವೇರ್‌ನಿಂದ ಒಂದು ಪ್ರೋಗ್ರಾಮ್ ಚೇಂಜ್ ಕಳಿಸಿ, ಒಂದನೇ ಮಿಡಿ ಚಾನೆಲ್‌ನಲ್ಲಿ ಐದನೇ ಪ್ಯಾಚ್ ಅಂತಿಟ್ಟುಕೊಳ್ಳಿ. ಮಾನಿಟರ್‌ನಲ್ಲಿ ಒಂದು ಸಾಲು ಮೂಡಬೇಕು: "ಸಿ0 04". ಅಷ್ಟೇ, ಎರಡೇ ಬೈಟ್. ಸಿ ಅಂದರೆ ಪ್ರೋಗ್ರಾಮ್ ಚೇಂಜ್, ಅದರ ಪಕ್ಕದ ಸೊನ್ನೆ ಅಂದರೆ ಒಂದನೇ ಮಿಡಿ ಚಾನೆಲ್, 04 ಅಂದರೆ ಪ್ಯಾಚ್ ನಂಬರ್ (ತಂತಿಯಲ್ಲಿ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಐದನೆಯದು 04).

ಈ ಸಾಲು ಕಂಡರೆ ಸಾಫ್ಟ್‌ವೇರ್, ಡ್ರೈವರ್, ಇಂಟರ್ಫೇಸ್, ಕೇಬಲ್ ನಾಲ್ಕೂ ಪಾಸು. ತಪ್ಪು ಆಂಪ್ ಕಡೆ ಇದೆ, ನೇರ ಐದನೇ ಹೆಜ್ಜೆಗೆ ಹೋಗಿ. ಕಾಣದಿದ್ದರೆ ತಪ್ಪು ಕಂಪ್ಯೂಟರ್ ಕಡೆ, ಆಂಪ್ ಪಾಪ ನಿರಪರಾಧಿ. ಐದು ನಿಮಿಷದಲ್ಲಿ ಅರ್ಧ ದಾರಿ ಪಟ್ಟಿಯಿಂದ ಹೊರಗೆ! ಈ ಪರೀಕ್ಷೆ ಮುಗಿದ ಕೂಡಲೇ ಕೇಬಲ್ ತೆಗೆಯುವುದನ್ನು ಮರೆಯಬೇಡಿ. ಬಂದದ್ದನ್ನು ಹಾಗೇ ಹೊರಗೆ ಕಳಿಸುವ ಸೆಟ್ಟಿಂಗ್ ಎಲ್ಲಾದರೂ ಆನ್ ಇದ್ದರೆ ಒಂದೇ ಸಂದೇಶ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಯುಎಸ್‌ಬಿಯಲ್ಲಿ ನೇರ ಜೋಡಿಸಿದ ಆಂಪ್‌ಗೆ ಹೀಗೆ ಸುತ್ತು ಹಾಕಿಸಲು ಆಗುವುದಿಲ್ಲ. ಅದಕ್ಕೆ ಬೇರೆ ಉಪಾಯ ಇದೆ: ಆಂಪ್‌ನ ಹೆಸರು ಕೇಳುವುದು. ಮಿಡಿಯಲ್ಲಿ "ನೀನು ಯಾರು?" ಅಂತ ಕೇಳುವ ಒಂದು ಸಾರ್ವತ್ರಿಕ ಸಂದೇಶ ಇದೆ: ಎಫ್0 7ಇ 7ಎಫ್ 06 01 ಎಫ್7. ಇದನ್ನು ಮಾನಿಟರ್ ಸಾಫ್ಟ್‌ವೇರ್‌ನ ಸಿಸೆಕ್ಸ್ (ಉದ್ದ ಸಂದೇಶಗಳ) ಕಿಟಕಿಯಿಂದ ಕಳಿಸಿ (ಎ, ಬಿ, ಸಿ, ಇ, ಎಫ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಗೊತ್ತಲ್ಲ). ಈ ಪ್ರಶ್ನೆ ಅರ್ಥವಾಗುವ ಆಂಪ್ ಆದರೆ ಎಫ್0 7ಇ ಇಂದ ಶುರುವಾಗಿ ನಡುವೆ 06 02 ಇರುವ ಒಂದು ಉತ್ತರ ಬರುತ್ತದೆ. ಉತ್ತರ ಬಂದರೆ ಎರಡೂ ಕಡೆಯ ದಾರಿ ತೆರೆದಿದೆ ಅಂತಲೇ. ಬರದಿದ್ದರೆ ಮಾತ್ರ ಏನೂ ತೀರ್ಮಾನಿಸಬೇಡಿ, ಎಲ್ಲ ಆಂಪ್‌ಗಳೂ ಇದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಆಂಪ್ ಮೇಲಿನ ಒಂದು ಗುಬುಟು ತಿರುಗಿಸಿ, ಪ್ಯಾಚ್ ಬಟನ್ ಒತ್ತಿ, ಮಾನಿಟರ್‌ನಲ್ಲಿ ಏನಾದರೂ ಮೂಡುತ್ತದಾ ಅಂತಲೂ ನೋಡಿ.

ಮಾನಿಟರ್ ತೆರೆದ ಕೂಡಲೇ "ಎಫ್‌ಇ" ಅಂತ ಸಾಲುಸಾಲು ಬರುತ್ತಿದ್ದರೆ ಗಾಬರಿ ಬೇಡ. ಅದು "ನಾನಿನ್ನೂ ಇದ್ದೀನಿ" ಅಂತ ಕೆಲವು ಉಪಕರಣಗಳು ಆಗಾಗ ಕೆಮ್ಮುವ ಕೆಮ್ಮು. "ಎಫ್8" ಬರುತ್ತಿದ್ದರೆ ಅದು ಟೆಂಪೊ ಕ್ಲಾಕ್, ಒಂದು ಬೀಟ್‌ಗೆ 24 ಸಲ. ಎರಡೂ ಬರುತ್ತಿವೆ ಅಂದರೆ ಕೇಬಲ್ ಜೀವಂತ ಇದೆ. ಫಿಲ್ಟರ್‌ನಲ್ಲಿ ಇವನ್ನು ಮುಚ್ಚಿಡಿ, ಇಲ್ಲದಿದ್ದರೆ ನಿಮಗೆ ಬೇಕಾದ ಸಾಲು ಈ ಜಾತ್ರೆಯಲ್ಲಿ ಕಳೆದುಹೋಗುತ್ತದೆ.

5. ಚಾನೆಲ್ ಅಂದರೆ ಯಾವ ಚಾನೆಲ್?

ಸಂದೇಶ ಆಂಪ್ ತನಕ ಹೋಗುತ್ತಿದೆ, ಆದರೂ ಅದು ಕೇಳುತ್ತಿಲ್ಲ ಅಂದರೆ ನನ್ನ ಮೊದಲ ಅನುಮಾನ ಯಾವಾಗಲೂ ಚಾನೆಲ್ ಮೇಲೆ. ಗಿಟಾರ್ ನುಡಿಸುವವರಿಗೆ ಈ ಪದವೇ ಒಂದು ಗುಂಡಿ. ನಮಗೆ ಚಾನೆಲ್ ಅಂದರೆ ಕ್ಲೀನ್, ಕ್ರಂಚ್, ಲೀಡ್. ಮಿಡಿಯಲ್ಲಿ ಚಾನೆಲ್ ಅಂದರೆ 1ರಿಂದ 16ರ ತನಕದ ಒಂದು ವಿಳಾಸ, ಮನೆ ನಂಬರ್ ಇದ್ದ ಹಾಗೆ. ಆಂಪ್ 2ನೇ ಚಾನೆಲ್‌ನಲ್ಲಿ ಕಿವಿಗೊಟ್ಟು ಕೂತಿದ್ದು ನೀವು 1ರಲ್ಲಿ ಕಳಿಸುತ್ತಿದ್ದರೆ ಅದಕ್ಕೆ ಕೇಳಿಸಿದರೂ ಕೇಳಿಸದ ಹಾಗೇ.

ಇನ್ನೊಂದು ತಮಾಷೆ ಅಂದರೆ ನಮಗೆ ತೋರಿಸುವಾಗ 1ರಿಂದ 16, ತಂತಿಯಲ್ಲಿ ಹೋಗುವಾಗ 0ಯಿಂದ 15. ಅದಕ್ಕೇ ಮಾನಿಟರ್‌ನಲ್ಲಿ "ಸಿ0" ಕಂಡರೆ ಒಂದನೇ ಚಾನೆಲ್, "ಸಿ1" ಕಂಡರೆ ಎರಡನೆಯದು. "ನಾನು 1 ಅಂತಲೇ ಹಾಕಿದ್ದೀನಲ್ಲ" ಅಂತ ಸಾಫ್ಟ್‌ವೇರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಮಾನಿಟರ್ ಏನು ಹೇಳುತ್ತದೆ ಅದೇ ಸತ್ಯ.

ಆಂಪ್ ಅನ್ನು ಓಮ್ನಿಗೆ ಹಾಕಲು ಆದರೆ ಪರೀಕ್ಷೆಗೆ ಅದೇ ಒಳ್ಳೆಯದು, ಹದಿನಾರೂ ಚಾನೆಲ್ ಕೇಳಿಸಿಕೊಳ್ಳುತ್ತದೆ. ಓಮ್ನಿಯಲ್ಲಿ ಕೆಲಸ ಮಾಡಿ ಚಾನೆಲ್ ಕೊಟ್ಟಾಗ ಮಾಡದಿದ್ದರೆ ಕಳ್ಳ ಸಿಕ್ಕಿದ. ಪರದೆ ಇಲ್ಲದ ಆಂಪ್‌ಗಳಲ್ಲಿ ಚಾನೆಲ್ ಬದಲಾಯಿಸುವುದೇ ಒಂದು ಕಸರತ್ತು. ಕೆಲವದರಲ್ಲಿ ಒಂದು ಬಟನ್ ಒತ್ತಿಹಿಡಿದು ಪವರ್ ಆನ್ ಮಾಡಬೇಕು, ಕೆಲವದರಲ್ಲಿ ಹಿಂದೆ ಪುಟ್ಟ ಸ್ವಿಚ್‌ಗಳ ಸಾಲಿರುತ್ತದೆ. ಸ್ವಿಚ್ ಬದಲಾಯಿಸಿದ ಮೇಲೆ ಆಂಪ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೆಲವು ಆಂಪ್‌ಗಳು ಎಚ್ಚರವಾಗುವಾಗ ಮಾತ್ರ ಅವನ್ನು ಓದುತ್ತವೆ.

6. ಕೇಳುತ್ತಿದೆ, ಆದರೆ ತಪ್ಪು ಪ್ಯಾಚ್‌ಗೆ ಹೋಗುತ್ತಿದೆ

ಇಷ್ಟು ಬಂದರೆ ಗೆದ್ದ ಹಾಗೆ. 5 ಕಳಿಸಿದರೆ 6ಕ್ಕೆ ಹೋಗುತ್ತಿದೆ ಅಂದರೆ ಅದು ಹಳೆಯ ಒಂದರ ಲೆಕ್ಕ. ಪ್ರೋಗ್ರಾಮ್ ನಂಬರ್ ತಂತಿಯಲ್ಲಿ 0ಯಿಂದ 127. ಕೆಲವರು ಅದನ್ನು ಹಾಗೇ ತೋರಿಸುತ್ತಾರೆ, ಕೆಲವರು 1ರಿಂದ 128 ಅಂತ ತೋರಿಸುತ್ತಾರೆ. ನಿಮ್ಮ ಸಾಫ್ಟ್‌ವೇರ್ ಒಂದು ಪಕ್ಷ, ಆಂಪ್ ಇನ್ನೊಂದು ಪಕ್ಷ. ಒಂದು ಕೂಡಿಸಿ ಅಥವಾ ಕಳೆಯಿರಿ, ಮುಗಿಯಿತು.

ಪ್ಯಾಚ್‌ಗಳು 128ಕ್ಕಿಂತ ಜಾಸ್ತಿ ಇರುವ ಆಂಪ್ ಆದರೆ ಬ್ಯಾಂಕ್ ನಂಬರ್ ಕೂಡ ಕಳಿಸಬೇಕು. ಅದು ಕಂಟ್ರೋಲ್ ಚೇಂಜ್ (ಒಂದೊಂದು ಸೆಟ್ಟಿಂಗ್‌ಗೆ ಒಂದು ಸಂಖ್ಯೆ ಕಳಿಸುವ ಮಿಡಿ ಅಪ್ಪಣೆ) 0 ಮತ್ತು 32ರ ಮೂಲಕ ಹೋಗುತ್ತದೆ. ಎರಡೂ ಬೇಕೋ, ಒಂದೇ ಸಾಕೋ ಅಂತ ಮ್ಯಾನ್ಯುಯಲ್‌ನ ಆ ಮಿಡಿ ಇಂಪ್ಲಿಮೆಂಟೇಶನ್ ಕೋಷ್ಟಕದಲ್ಲಿ ಇರುತ್ತದೆ. ಕ್ರಮ ಮುಖ್ಯ: ಮೊದಲು ಬ್ಯಾಂಕ್, ಆಮೇಲೆ ಪ್ರೋಗ್ರಾಮ್ ಚೇಂಜ್. ಬರೀ ಬ್ಯಾಂಕ್ ಕಳಿಸಿ ಸುಮ್ಮನಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮುಂದಿನ ಪ್ರೋಗ್ರಾಮ್ ಚೇಂಜ್ ಬಂದಾಗಲೇ ಎರಡೂ ಸೇರಿ ಜಾರಿಯಾಗುತ್ತವೆ.

ಬಹಳ ವಾಲ್ವ್ ಆಂಪ್‌ಗಳಲ್ಲಿ ಪ್ಯಾಚ್‌ಗಳೇ ಮೊದಲು ಖಾಲಿ. ನೀವೇ ಕಲಿಸಬೇಕು. ಆಂಪ್ ಮೇಲೆ ನಿಮಗೆ ಬೇಕಾದ ಚಾನೆಲ್, ಬೂಸ್ಟ್, ಎಫ್‌ಎಕ್ಸ್ ಲೂಪ್ ಹೊಂದಿಸಿ, ಸ್ಟೋರ್ ಅಥವಾ ಲರ್ನ್ ಬಟನ್ ಒತ್ತಿ, ದೀಪ ಮಿಣುಕುವಾಗ ಕಂಪ್ಯೂಟರ್‌ನಿಂದ ಆ ನಂಬರ್ ಕಳಿಸಬೇಕು. ಬಟನ್ ಒತ್ತುವ ರೀತಿ ಆಂಪ್‌ನಿಂದ ಆಂಪ್‌ಗೆ ಬೇರೆ. ಏನೂ ಕಲಿಸದ ಆಂಪ್ ಏನೂ ಮಾಡದೆ ಕೂತರೆ ಅದರ ತಪ್ಪಲ್ಲ, ಅಲ್ವಾ?

ಒಂದೊಂದೇ ಎಫೆಕ್ಟ್ ಆನ್-ಆಫ್ ಮಾಡಲು ಕಂಟ್ರೋಲ್ ಚೇಂಜ್ ಬಳಸುತ್ತೀರಾದರೆ ಅದರ ಜತೆ ಕಳಿಸುವ ಸಂಖ್ಯೆ ನೋಡಿ. ಸಾಮಾನ್ಯ ರೂಢಿಯಲ್ಲಿ 0ಯಿಂದ 63 ಆಫ್, 64ರಿಂದ 127 ಆನ್. "ಆನ್ ಅಂದರೆ 1" ಅಂತ ಅಂದುಕೊಂಡು 1 ಕಳಿಸಿದರೆ ಆಂಪ್‌ಗೆ ಅದು ಆಫ್. ಆನ್‌ಗೆ 127 ಕಳಿಸಿ, ಆಫ್‌ಗೆ 0 ಕಳಿಸಿ, ನಡುವಿನದ್ದರ ಸಹವಾಸ ಬೇಡ.

7. ಸಾಫ್ಟ್‌ವೇರ್ ಒಳಗಿನ ಬಲೆಗಳು

ನಾಲ್ಕನೇ ಹೆಜ್ಜೆಯಲ್ಲಿ ಕೇಬಲ್ ಸುತ್ತು ಹಾಕಿಸಿ ಮಾಡಿದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂದವರು ಇಲ್ಲಿ ನೋಡಿ. ರೀಪರ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಮಿಡಿ ಔಟ್‌ಪುಟ್ ಅನ್ನು ಪ್ರೆಫರೆನ್ಸಸ್‌ಗೆ ಹೋಗಿ ನಾವೇ ಎನೇಬಲ್ ಮಾಡಬೇಕು. ಪಟ್ಟಿಯಲ್ಲಿ ಹೆಸರು ಇದೆ ಅಂದ ಮಾತ್ರಕ್ಕೆ ಅದು ತೆರೆದಿದೆ ಅಂತಲ್ಲ. ಏಬಲ್ಟನ್ ಲೈವ್‌ನಲ್ಲಿ ಔಟ್‌ಪುಟ್ ಪಕ್ಕದ ಟ್ರ್ಯಾಕ್ ಸ್ವಿಚ್ ಆನ್ ಇರಬೇಕು. ಆಮೇಲೆ ಟ್ರ್ಯಾಕ್‌ನ ಔಟ್‌ಪುಟ್ ಆ ಪೋರ್ಟ್‌ಗೇ ಹೋಗುತ್ತಿದೆಯಾ, ಯಾವುದೋ ಸಾಫ್ಟ್‌ವೇರ್ ಸಿಂಥ್‌ಗೆ ಹೋಗುತ್ತಿದೆಯಾ ಅಂತ ನೋಡಿ.

ವಿಂಡೋಸ್‌ನಲ್ಲಿ ಇನ್ನೊಂದು ಹಳೆಯ ಕಿರಿಕಿರಿ. ಅದರ ಸಾಂಪ್ರದಾಯಿಕ ಮಿಡಿ ವ್ಯವಸ್ಥೆಯಲ್ಲಿ ಬಹಳ ಡ್ರೈವರ್‌ಗಳು ಒಂದು ಪೋರ್ಟನ್ನು ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರ್‌ಗೆ ಕೊಡುತ್ತವೆ. ಆಂಪ್‌ನ ಎಡಿಟರ್ ಹಿಂದೆ ತೆರೆದಿದ್ದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಪೋರ್ಟ್ ಸಿಗುವುದಿಲ್ಲ. ಮಾನಿಟರ್ ತೆರೆದಿಟ್ಟು ಮರೆತರೂ ಅದೇ ಗತಿ. ಬ್ರೌಸರ್ ಟ್ಯಾಬ್ ಕೂಡ ಮಿಡಿ ಪೋರ್ಟ್ ಹಿಡಿದುಕೊಂಡು ಕೂರಬಹುದು, ಇದು ಯಾರಿಗೂ ಹೊಳೆಯುವುದಿಲ್ಲ. ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನು ಮಾತ್ರ ತೆರೆಯಿರಿ. ಇನ್ನೊಂದು: ಆಂಪ್ ಮೊದಲು ಆನ್ ಮಾಡಿ, ಅದು ಪೂರ್ತಿ ಎಚ್ಚರವಾದ ಮೇಲೆ ಸಾಫ್ಟ್‌ವೇರ್ ತೆರೆಯಿರಿ. ಎಷ್ಟೋ ಸಾಫ್ಟ್‌ವೇರ್‌ಗಳು ಶುರುವಾಗುವಾಗ ಮಾತ್ರ ಪೋರ್ಟ್ ಎಣಿಸುತ್ತವೆ.

ಹಾಡಿನ ಮೊದಲ ಕ್ಷಣದಲ್ಲೇ ಪ್ರೋಗ್ರಾಮ್ ಚೇಂಜ್ ಇಟ್ಟರೆ ಕೆಲವೊಮ್ಮೆ ತಪ್ಪಿಹೋಗುತ್ತದೆ. ಮುಂದೆ ಒಂದು ಖಾಲಿ ಬಾರ್ ಬಿಟ್ಟು ಅದರಲ್ಲಿ ಇಡಿ. ಹಾಡಿನ ನಡುವಿನ ಬದಲಾವಣೆಯನ್ನೂ ಬೀಟ್‌ಗಿಂತ ಒಂದು ಚೂರು ಮುಂಚೆ ಇಡುವುದು ವಾಸಿ. ಡಿನ್ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಪ್ರೋಗ್ರಾಮ್ ಚೇಂಜ್ ತಲುಪಲು ಒಂದು ಮಿಲಿಸೆಕೆಂಡೂ ಬೇಕಿಲ್ಲ. ತಡ ಆಗುವುದು ಆಂಪ್ ಒಳಗೆ, ರಿಲೇ ಟಕ್ ಅಂದು ಸದ್ದು ನೆಟ್ಟಗಾಗುವಷ್ಟರಲ್ಲಿ.

8. ಎಡಿಟರ್ ಮತ್ತು ಪ್ಯಾಚ್ ಬ್ಯಾಕಪ್ ಮಾತ್ರ ಕೈಕೊಟ್ಟರೆ

ಪ್ರೋಗ್ರಾಮ್ ಚೇಂಜ್ ಚೆನ್ನಾಗಿ ಹೋಗುತ್ತಿದೆ, ಪ್ಯಾಚ್ ಬ್ಯಾಕಪ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಅದು ಸಿಸೆಕ್ಸ್ ಎಂಬ ಉದ್ದ ಸಂದೇಶಗಳ ಸಮಸ್ಯೆ. ಅಗ್ಗದ ಇಂಟರ್ಫೇಸ್ ಕೇಬಲ್‌ಗಳು ಎರಡು ಮೂರು ಬೈಟ್‌ನ ಸಂದೇಶವನ್ನು ಸಲೀಸಾಗಿ ದಾಟಿಸಿ, ಉದ್ದದ್ದು ಬಂದರೆ ನಡುವೆ ನುಂಗಿಬಿಡುತ್ತವೆ. ಡಿನ್ ದಾರಿಯಲ್ಲಿ ಸೆಕೆಂಡಿಗೆ ಹೋಗುವುದು ಹೆಚ್ಚೆಂದರೆ 3,125 ಬೈಟ್. 32 ಕಿಲೋಬೈಟ್‌ನ ಒಂದು ಬ್ಯಾಕಪ್‌ಗೆ ಹತ್ತು ಸೆಕೆಂಡು ದಾಟುತ್ತದೆ, ಕಂಪ್ಯೂಟರ್ ಅದನ್ನು ಒಂದೇ ಗುಕ್ಕಿಗೆ ತುರುಕಲು ನೋಡಿದರೆ ಇಂಟರ್ಫೇಸ್ ಉಸಿರುಗಟ್ಟುತ್ತದೆ. ಮಿಡಿ-ಆಕ್ಸ್ ಥರದ ಸಾಫ್ಟ್‌ವೇರ್‌ನಲ್ಲಿ ಸಂದೇಶಗಳ ನಡುವೆ ಅಂತರ ಕೊಡುವ ಸೆಟ್ಟಿಂಗ್ ಇದೆ, ಜಾಸ್ತಿ ಮಾಡಿ ನೋಡಿ. ಆಗಲೂ ಬಗ್ಗದಿದ್ದರೆ ಬೇರೆ ಇಂಟರ್ಫೇಸ್ ಎರವಲು ತಂದು ಪರೀಕ್ಷಿಸಿ.

ಎಡಿಟರ್ ಆಂಪ್ ಅನ್ನು ಗುರುತಿಸುತ್ತಲೇ ಇಲ್ಲ ಅಂದರೆ ಆಂಪ್‌ನ ಫರ್ಮ್‌ವೇರ್ ಮತ್ತು ಎಡಿಟರ್‌ನ ಆವೃತ್ತಿ ಹೊಂದುತ್ತವಾ ನೋಡಿ. ಫರ್ಮ್‌ವೇರ್ ಹಾಕುವಾಗ ಹಬ್ ಬೇಡ, ಲ್ಯಾಪ್‌ಟಾಪ್ ನಿದ್ದೆಗೆ ಜಾರದ ಹಾಗೆ ಮಾಡಿ, ನಡುವೆ ಕೇಬಲ್ ಮುಟ್ಟಬೇಡಿ.

9. ಎಲ್ಲ ಸರಿಯಾಯಿತು, ಈಗ ಗುಂಯ್ ಅನ್ನುತ್ತಿದೆ

ಯುಎಸ್‌ಬಿ ಚುಚ್ಚಿದ ಕೂಡಲೇ ಸ್ಪೀಕರ್‌ನಲ್ಲಿ ಹಮ್, ಅಥವಾ ಮೌಸ್ ಆಡಿಸಿದಾಗ ಚಿರಿಚಿರಿ ಬಂದರೆ ಅದು ಬಹುಪಾಲು ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ತಾಗಿ ಬರುವ ಸದ್ದು. ಡಿನ್ ಮಿಡಿಯ ಇನ್ ಸಾಕೆಟ್ ಒಳಗೆ ಒಂದು ಆಪ್ಟೊ-ಐಸೊಲೇಟರ್ ಕೂತಿರುತ್ತದೆ, ಸಂದೇಶ ಬೆಳಕಿನ ರೂಪದಲ್ಲಿ ದಾಟುತ್ತದೆ, ಎರಡು ಉಪಕರಣಗಳ ಗ್ರೌಂಡ್ ಒಂದಕ್ಕೊಂದು ತಾಗುವುದಿಲ್ಲ. 1983ರ ಆ ಜನ ಇದನ್ನು ಮೊದಲೇ ಯೋಚಿಸಿದ್ದರು, ಮೆಚ್ಚಬೇಕಾದ್ದೇ. ಯುಎಸ್‌ಬಿಯಲ್ಲಿ ಈ ತಡೆ ಇಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಹಮ್ ಹೋದರೆ ರೋಗ ಗೊತ್ತಾಯಿತು. ಆಂಪ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ, ಆಗಲೂ ಹೋಗದಿದ್ದರೆ ನಡುವೆ ಯುಎಸ್‌ಬಿ ಐಸೊಲೇಟರ್ ಹಾಕಬಹುದು, ಅಥವಾ ಆಂಪ್‌ನಲ್ಲಿ ಡಿನ್ ಇನ್ ಇದ್ದರೆ ಯುಎಸ್‌ಬಿ ಬಿಟ್ಟು ಅದನ್ನೇ ಬಳಸಬಹುದು. ಆಂಪ್‌ನ ಮೂರು ಪಿನ್‌ನ ಪ್ಲಗ್‌ನಲ್ಲಿ ಅರ್ತ್ ಪಿನ್ ತೆಗೆದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ಹೋಗಬಹುದು, ಆದರೆ ಆಂಪ್ ಒಳಗೆ ಏನಾದರೂ ತಪ್ಪಿದಾಗ ಕರೆಂಟ್ ಗಿಟಾರ್ ತಂತಿಯ ಮೂಲಕ ನಿಮ್ಮ ಕೈಗೇ ಬರುತ್ತದೆ. ಹಾಗೇ ಮಿಡಿ ಸಾಕೆಟ್ ಸಡಿಲವಾಗಿದೆ ಅಂತ ವಾಲ್ವ್ ಆಂಪ್ ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಉಳಿದಿರಬಹುದು. ಮಿಡಿ ಪರೀಕ್ಷೆ ತಾನೇ, ಸ್ಪೀಕರ್ ಯಾಕೆ ಅಂತ ಕ್ಯಾಬಿನೆಟ್ ಇಲ್ಲದೆ ವಾಲ್ವ್ ಹೆಡ್ ಆನ್ ಮಾಡುವುದೂ ಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿಬಿಡಬಹುದು.

ಇನ್ನು ಎಲ್ಲ ಹೆಜ್ಜೆ ಮುಗಿಸಿಯೂ ಆಂಪ್ ಬಗ್ಗಲಿಲ್ಲ ಅಂದರೆ ರಿಪೇರಿಗೆ ಕೊಡುವಾಗ ಮಾನಿಟರ್‌ನ ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ಜತೆಗೆ ಕೊಡಿ, ಆಂಪ್ ಯಾವ ಚಾನೆಲ್‌ನಲ್ಲಿದೆ ಅಂತಲೂ ಬರೆದು ಕೊಡಿ. "ಮಿಡಿ ಕೆಲಸ ಮಾಡ್ತಿಲ್ಲ" ಅಂತ ಮಾತ್ರ ಹೇಳಿದರೆ ಅವರೂ ಡ್ರೈವರ್ ತೆಗೆದು ಹಾಕಿ ನೋಡಿದ್ರಾ ಅಂತಲೇ ಕೇಳುತ್ತಾರೆ.